ಡೆಂಟಲ್ ಹೈಜೀನ್ ಓದುವವರು ಮೊದಲು ಕೈ ಪಳಗಿಸಿಕೊಳ್ಳಿ

ಮುಂಬೈ ಹತ್ತಿರದ ಡೊಂಬಿವಲಿಯ ಕ್ಲಿನಿಕ್ ಒಂದರಲ್ಲಿ ನಾನು ಡೆಂಟಲ್ ಹೈಜೀನಿಸ್ಟ್. ಸೈನ್ಸ್‌ನಲ್ಲಿ ಹನ್ನೆರಡನೇ ಕ್ಲಾಸ್ ಮುಗಿಸಿದ ನಮ್ಮ ಕನ್ನಡದ ಮಕ್ಕಳು "ಅಕ್ಕಾ, ಈ ಕೋರ್ಸ್ ಕಷ್ಟನಾ?" ಅಂತ ಕೇಳುತ್ತಾರೆ. ಪುಸ್ತಕ ಕಷ್ಟವಿಲ್ಲ. ಕೈ ಪಳಗೋದಕ್ಕೆ ಮಾತ್ರ ಟೈಮ್ ಬೇಕು.

ಇದು ಎರಡು ವರ್ಷದ ಡಿಪ್ಲೊಮಾ. ಸೇರುವ ಮೊದಲು ಆ ಕೋರ್ಸಿಗೆ ಮಾನ್ಯತೆ ಇದೆಯಾ ನೋಡಿ. ಕೆಲವೇ ತಿಂಗಳಲ್ಲಿ ಸರ್ಟಿಫಿಕೇಟ್ ಕೊಡ್ತೀವಿ ಅನ್ನುವವರನ್ನು ನಂಬಬೇಡಿ. ಡಾಕ್ಟರಿಗೆ ಸಾಮಾನು ಎತ್ತಿಕೊಡುವ ಅಸಿಸ್ಟೆಂಟ್ ಬೇರೆ, ಹೈಜೀನಿಸ್ಟ್ ಬೇರೆ. ಹಲ್ಲಿನ ಗಾರೆ (ಗಟ್ಟಿಯಾದ ಪಾಚಿ) ತೆಗೆಯುವವರು, ಕ್ಲೀನ್ ಮತ್ತು ಪಾಲಿಶ್ ಮಾಡುವವರು, ಹಲ್ಲಿನ ಕಾಳಜಿ ಹೇಳಿಕೊಡುವವರು ಅಂತ 1948ರ ದಂತವೈದ್ಯರ ಕಾಯ್ದೆಯೇ ನಮ್ಮನ್ನು ಬೇರೆಯಾಗಿ ಗುರುತಿಸಿತ್ತು. ವಿಚಾರಿಸುವುದಾದರೆ ಮುಂಬೈನ ಸಿಎಸ್‌ಎಂಟಿ ರೈಲ್ವೆ ಸ್ಟೇಷನ್ ಹತ್ತಿರದ ಸರ್ಕಾರಿ ಡೆಂಟಲ್ ಕಾಲೇಜು, ಮುಂಬೈ ಸೆಂಟ್ರಲ್‌ನ ನಾಯರ್ ಡೆಂಟಲ್ ಕಾಲೇಜು, ಇಲ್ಲಿಂದ ಶುರು ಮಾಡಿ.

ಸೇರಿದ ಕೂಡಲೇ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ. ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕು. ಪೇಷಂಟ್ ಬಾಯಿಗೆ ಕೈ ಹಾಕುವ ಹೊತ್ತಿಗೆ ಅದು ಮುಗಿದಿರಲಿ.

ಆಮೇಲೆ ಹಲ್ಲಿನ ನಂಬರ್. ಬಾಯಿಯನ್ನು ನಾಲ್ಕು ಭಾಗ ಮಾಡುತ್ತಾರೆ. ಮೇಲಿನ ಬಲ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ಪ್ರತಿ ಭಾಗದಲ್ಲೂ ನಡುವಿನಿಂದ ಹಿಂದಕ್ಕೆ ಎಣಿಸಬೇಕು. ಹಾಗಾಗಿ 36 ಅಂದರೆ ಕೆಳಗಿನ ಎಡಗಡೆಯ ಆರನೇ ಹಲ್ಲು. ಬಲ ಎಡ ಎಲ್ಲಾ ಪೇಷಂಟಿನದು, ನಮ್ಮದಲ್ಲ. ಲೋಕಲ್ ಟ್ರೇನಿನಲ್ಲಿ ಸೀಟು ಸಿಕ್ಕಾಗ ಎದುರಿಗೆ ಕೂತವರ ಬಾಯಿ ಮನಸ್ಸಿನಲ್ಲೇ ಎಣಿಸಿ. ಠಾಣೆ ದಾಟುವಷ್ಟರಲ್ಲಿ ಬಾಯಿಪಾಠವಾಗುತ್ತದೆ.

ಈಗ ಕೈ. ಗಾರೆ ಕೆರೆಯುವ ಸಾಧನವಾದ ಸ್ಕೇಲರನ್ನು ಪೆನ್ನಿನ ಹಾಗೆ ಹಿಡಿಯುತ್ತೇವೆ, ಆದರೆ ನಡುಬೆರಳಿನ ತುದಿ ಸಾಧನದ ಮೇಲೇ ಕೂರಬೇಕು. ಉಂಗುರ ಬೆರಳು ಹತ್ತಿರದ ಹಲ್ಲಿನ ಮೇಲೆ ಊರಿರಬೇಕು. ಆ ಬೆರಳು ಜಾರಿದರೆ ಸ್ಕೇಲರ್ ಒಸಡಿಗೆ ಚುಚ್ಚುತ್ತದೆ. ಮನೆಯಲ್ಲಿ ಪೆನ್ಸಿಲ್ ಹಿಡಿದು, ಉಂಗುರ ಬೆರಳನ್ನು ಮೇಜಿಗೆ ಊರಿ, ಬೆರಳು ಮಡಚದೆ ಮಣಿಕಟ್ಟಿನಿಂದ ಸಣ್ಣ ಸಣ್ಣ ಗೆರೆ ಎಳೆಯಿರಿ. ಕಾಲೇಜಿನ ಮಾದರಿ ಹಲ್ಲುಗಳಿಗೆ ನೇಲ್ ಪಾಲಿಶ್ ಹಚ್ಚಿ, ಒಣಗಿದ ಮೇಲೆ ಕೆರೆದು ತೆಗೆಯಿರಿ. ಬಣ್ಣ ಎಲ್ಲಿ ಉಳಿದಿದೆಯೋ ಅಲ್ಲಿ ನಿಮ್ಮ ಸ್ಕೇಲರ್ ಮುಟ್ಟಿಲ್ಲ ಅಂತ ಅರ್ಥ.

ಗಾರೆ ಎಲ್ಲಾ ಕಡೆ ಒಂದೇ ಸಮ ಕೂರುವುದಿಲ್ಲ. ಕೆಳಗಿನ ಮುಂದಿನ ಹಲ್ಲುಗಳ ಒಳಗಡೆ, ಮೇಲಿನ ದವಡೆ ಹಲ್ಲುಗಳ ಕೆನ್ನೆಯ ಕಡೆ ಜಾಸ್ತಿ. ಜೊಲ್ಲಿನ ಗ್ರಂಥಿಗಳ ಬಾಯಿ ತೆರೆಯುವುದು ಅಲ್ಲೇ, ಜೊಲ್ಲಿನ ಸುಣ್ಣದಂಶ ಸೇರಿ ಪಾಚಿ ಗಟ್ಟಿಯಾಗುತ್ತದೆ. ಮೊದಲು ಅಲ್ಲಿ ನೋಡಿ.

ಹಲ್ಲು ಮತ್ತು ಒಸಡಿನ ನಡುವಿನ ಸಂದಿಯ ಆಳ ಅಳೆಯುವ ಕಡ್ಡಿ, ವಿಲಿಯಮ್ಸ್ ಪ್ರೋಬ್, ಕೈಗೆ ಬಂದಾಗ ಅದರ ಗೆರೆಗಳನ್ನು ಗಮನವಿಟ್ಟು ನೋಡಿ. 1, 2, 3, ಆಮೇಲೆ 5, ಆಮೇಲೆ 7, 8, 9, 10 ಮಿಲಿಮೀಟರ್. ಓದಲು ಸುಲಭವಾಗಲಿ ಅಂತ 4 ಮತ್ತು 6ರ ಗೆರೆ ಇಡುವುದಿಲ್ಲ. 3ರವರೆಗೆ ಇದ್ದರೆ ಒಸಡು ಸಾಮಾನ್ಯವಾಗಿ ಚೆನ್ನಾಗಿದೆ. ಒಂದೊಂದು ಹಲ್ಲಿಗೂ ಆರು ಕಡೆ ಅಳೆಯಬೇಕು. ಬೇಸರ ಅನ್ನಿಸಿದರೂ ಬಿಡಬೇಡಿ, ರೋಗ ಸಿಗೋದು ಆ ಆರನೇ ಕಡೆಯಲ್ಲೇ ಇರಬಹುದು.

ಇನ್ನು ಮಾತು. ಮರಾಠಿ ಚೆನ್ನಾಗಿ ಕಲಿಯಿರಿ. ಇಲ್ಲಿ ಹಳ್ಳಿ ಕಡೆಯಿಂದ ಬಂದ ಎಷ್ಟೋ ಹೆಂಗಸರು ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ಹಚ್ಚಿ ಹಲ್ಲುಜ್ಜುತ್ತಾರೆ. ಬೈದರೆ ಮುಂದಿನ ಸಲ ಬರುವುದೇ ಇಲ್ಲ. "ಎಷ್ಟು ವರ್ಷದಿಂದ ಅಭ್ಯಾಸ, ಮೌಶಿ?" ಅಂತ ಕೇಳಿ. ಮಾತಾಡುತ್ತಾ ಕೆನ್ನೆಯ ಒಳಗಡೆ ಬಿಳಿ ಮಚ್ಚೆ ಇದೆಯಾ ನೋಡಿ, ಇದ್ದರೆ ತಕ್ಷಣ ಡಾಕ್ಟರಿಗೆ ತೋರಿಸಿ.

ಕೊನೆಗೆ, ಪಾಸಾದ ಮೇಲೆ ರಾಜ್ಯ ಡೆಂಟಲ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಕರ್ನಾಟಕದಲ್ಲಿ ಓದಿದವರ ಮಾರ್ಕ್ಸ್ ಕಾರ್ಡಿನಲ್ಲಿ ಹೆಚ್ಚಾಗಿ ಹೆಸರಿನ ಜೊತೆ ಬರೀ ಇನಿಶಿಯಲ್ ಇರುತ್ತದೆ, ಇಲ್ಲಿನ ಎಷ್ಟೋ ಕಾಗದಗಳಲ್ಲಿ ಸರ್‌ನೇಮ್ ಮೊದಲು. ಆಧಾರ್, ಮಾರ್ಕ್ಸ್ ಕಾರ್ಡ್, ಕಾಲೇಜಿನ ದಾಖಲೆ ಮೂರರಲ್ಲೂ ಒಂದೇ ಹೆಸರು ಇರುವ ಹಾಗೆ ಅಡ್ಮಿಷನ್ ಹೊತ್ತಿಗೇ ಸರಿ ಮಾಡಿಸಿಕೊಳ್ಳಿ.