ಹಾಳೆತಟ್ಟೆಯ ವ್ಯಾಪಾರಕ್ಕೆ ನಾನು ಬರೆಯುವ ಇಂಗ್ಲಿಷ್ ಪತ್ರ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮದೊಂದು ಸಣ್ಣ ಹಾಳೆತಟ್ಟೆ ಘಟಕ ಉಂಟು, ಅಡಿಕೆಮರದ ಹಾಳೆಯಿಂದ ಊಟದ ತಟ್ಟೆ ಮಾಡುವುದು. ಹಾಳೆ ತೊಳೆಯುವವರ ಹತ್ತಿರ ತುಳು, ಪಂಚಾಯತ್ತಿನಲ್ಲಿ ಮಲಯಾಳಂ, ಮನೆಯಲ್ಲಿ ಕನ್ನಡ. ಪುಣೆಯ ಅಂಗಡಿಗೂ ಅಮೆರಿಕದ ಖರೀದಿದಾರರಿಗೂ ಇಂಗ್ಲಿಷೇ ಆಗಬೇಕು. ಎಂಟು ವರ್ಷದಿಂದ ಆ ಪತ್ರಗಳನ್ನು ನಾನೇ ಬರೆಯುತ್ತಿದ್ದೇನೆ. ಹೊಸದಾಗಿ ಇಂಥ ಕೆಲಸಕ್ಕೆ ಇಳಿದ ಹುಡುಗಿಯರು "ಅಕ್ಕಾ, ಇಮೇಲ್ ಹೇಗೆ ಬರೆಯುವುದು?" ಎಂದು ಕೇಳಿದರೆ ನಾನು ವ್ಯಾಕರಣದಿಂದ ಶುರುಮಾಡುವುದಿಲ್ಲ.

ಕನ್ನಡದಲ್ಲಿ ನಾವು ಕ್ಷೇಮ ವಿಚಾರಿಸಿ, ನಡೆದದ್ದನ್ನೆಲ್ಲ ಹೇಳಿ, ಕೊನೆಗೆ ಬೇಕಾದ್ದನ್ನು ಕೇಳುತ್ತೇವೆ. ನಮ್ಮಲ್ಲಿ ಮರ್ಯಾದೆ ಅದೇ. ಇಂಗ್ಲಿಷ್ ವ್ಯವಹಾರದ ಪತ್ರದಲ್ಲಿ ಬೇಕಾದ್ದು ಮೊದಲ ವಾಕ್ಯದಲ್ಲೇ ಬರಬೇಕು. ಒಮ್ಮೆ ಬಾಕಿ ಹಣ ಕೇಳಲು ಕೂತವಳು ಮಳೆ ಬೇಗ ಹಿಡಿದದ್ದು, ಹಾಳೆ ಒಣಗದೆ ಬೂಸಲು ಬಂದದ್ದು, ಕೆಲಸದವರಿಗೆ ಸಂಬಳ ಕೊಡಲಿಕ್ಕಿರುವುದು ಎಲ್ಲ ಬರೆದು ಹನ್ನೊಂದನೇ ಸಾಲಿನಲ್ಲಿ ಹಣದ ಮಾತೆತ್ತಿದೆ. ಉತ್ತರದಲ್ಲಿ ಮಳೆಯ ಬಗ್ಗೆ ಎರಡು ಸಾಲು ಸಮಾಧಾನವಿತ್ತು, ಹಣದ ಸುದ್ದಿಯೇ ಇರಲಿಲ್ಲ. ಈಗ ನೇರವಾಗಿ, "ಐ ಆಮ್ ರೈಟಿಂಗ್ ಅಬೌಟ್ ಇನ್‌ವಾಯ್ಸ್ 27, ವಿಚ್ ವಾಸ್ ಡ್ಯೂ ಆನ್ 10 ಜನವರಿ. ಪ್ಲೀಸ್ ಲೆಟ್ ಮಿ ನೋ ವೆನ್ ವಿ ಕ್ಯಾನ್ ಎಕ್ಸ್‌ಪೆಕ್ಟ್ ಪೇಮೆಂಟ್." ಇದರಲ್ಲಿ ಒರಟುತನವಿಲ್ಲ. ಓದುವವರ ಹೊತ್ತು ಉಳಿಸುವುದೇ ಅಲ್ಲಿನ ಮರ್ಯಾದೆ.

ಸಬ್ಜೆಕ್ಟ್ ಸಾಲಿಗೂ ಇದೇ ಲೆಕ್ಕ. ಬರೀ "ಆರ್ಡರ್" ಎಂದರೆ ಸಾಲದು. 10 ಇಂಚಿನ ದುಂಡುತಟ್ಟೆ, 5000, ದರಪಟ್ಟಿ ಎಂಬಷ್ಟು ಬೇಕು.

"ಡೂ ದ ನೀಡ್‌ಫುಲ್" (ಬೇಕಾದ್ದನ್ನು ಮಾಡಿ) ಎಂಬುದನ್ನು ಬಿಡಿ. ನಮ್ಮ ಆಫೀಸುಗಳಲ್ಲಿ ನಡೆಯುತ್ತದೆ, ಹೊರಗಿನವರಿಗೆ ಹಳತಾಗಿ ಕೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಏನು ಮಾಡಬೇಕೆಂದೇ ಅದು ಹೇಳುವುದಿಲ್ಲ. ಸ್ಯಾಂಪಲ್ ಬೇಕಾದರೆ ಸ್ಯಾಂಪಲ್ ಕಳಿಸಿ ಎಂದೇ ಬರೆಯಿರಿ. "ಕೈಂಡ್ಲಿ" ಮತ್ತು "ಪ್ಲೀಸ್" ಎರಡೂ ಒಟ್ಟಿಗೆ ಬೇಡ, ಒಂದು ಸಾಕು.

ತಾರೀಕಿನ ವಿಷಯ ಮಾತ್ರ ದಯವಿಟ್ಟು ಮರೆಯಬೇಡಿ. ಏಪ್ರಿಲ್ 3ಕ್ಕೆ ಸರಕು ಸಿದ್ಧವಾಗುತ್ತದೆಂದು ನಾನು 03/04 ಎಂದು ಬರೆದೆ. ಅಮೆರಿಕದಲ್ಲಿ ತಿಂಗಳು ಮೊದಲು ಬರುವ ಕಾರಣ ಅವರು ಅದನ್ನು ಮಾರ್ಚ್ 4 ಎಂದು ಓದಿ, ಮಾರ್ಚ್ 5ಕ್ಕೇ ಕೋಪದ ಪತ್ರ ಹಾಕಿದರು. ಆವತ್ತಿನಿಂದ ತಿಂಗಳನ್ನು ಅಕ್ಷರದಲ್ಲೇ ಬರೆಯುತ್ತೇನೆ. ಲಕ್ಷವೂ ಅಷ್ಟೆ, ಅವರಿಗೆ 100,000 ಎಂದರೇ ತಿಳಿಯುವುದು.

ಕಾಗದದ ಪತ್ರಕ್ಕೆ ಶಾಲೆಯಲ್ಲಿ ಕಲಿತ ಬ್ರಿಟಿಷ್ ಕ್ರಮ ಈಗಲೂ ಸರಿ: "ಡಿಯರ್ ಸರ್ ಆರ್ ಮ್ಯಾಡಮ್" ಎಂದು ತೊಡಗಿದರೆ "ಯುವರ್ಸ್ ಫೇತ್‌ಫುಲಿ", ಹೆಸರು ಹಿಡಿದು ತೊಡಗಿದರೆ "ಯುವರ್ಸ್ ಸಿನ್ಸಿಯರ್ಲಿ". ಇಮೇಲಿಗೆ "ರಿಗಾರ್ಡ್ಸ್" ಸಾಕು. ಹೆಂಗಸರಿಗೆ ಬರೆಯುವಾಗ ಮದುವೆಯಾಗಿದೆಯೋ ಇಲ್ಲವೋ ಎಂದು ಯೋಚಿಸಬೇಕಾಗಿಲ್ಲ, "ಮಿಜ್" (Ms) ಹಾಕಿ. ಕೆಳಗೆ ನಿಮ್ಮ ಹೆಸರು ಪೂರ್ತಿ ಇರಲಿ. ತಂದೆಯ ಹೆಸರು, ಮನೆ ಹೆಸರಿನ ಇನಿಶಿಯಲ್ ನಮಗೆ ಅರ್ಥವಾಗುವ ಹಾಗೆ ಹೊರದೇಶದವರಿಗೆ ಆಗುವುದಿಲ್ಲ.

ನಾನು ಮೊದಲು ತಟ್ಟೆಯ ಫೋಟೊ, ದರಪಟ್ಟಿ ಲಗತ್ತಿಸುತ್ತೇನೆ, ಆಮೇಲೆ ಬರೆಯುತ್ತೇನೆ, ವಿಳಾಸ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಅರ್ಧ ಬರೆದದ್ದು ಕೈತಪ್ಪಿ ಹೋಗುವ ಹೆದರಿಕೆ ಇಲ್ಲ. ವಾರ ಕಳೆದರೂ ಉತ್ತರ ಬಾರದಿದ್ದರೆ ಹೊಸ ಇಮೇಲ್ ಬೇಡ. ಕಳಿಸಿದ್ದಕ್ಕೇ ರಿಪ್ಲೈ ಒತ್ತಿ ಎರಡು ಸಾಲು ಬರೆಯಿರಿ, ಹಳೆಯ ಮಾತೆಲ್ಲ ಕೆಳಗೇ ಇರುತ್ತದೆ.