ಹಾಲು ಒಗ್ಗದವರಿಗೆ: ಅಮೆರಿಕಕ್ಕೆ ಬಂದ ಮಂಡ್ಯ-ಮೈಸೂರಿನವರು ಏನು ಬಿಡಬೇಕು, ಏನು ಬಿಡಬೇಕಿಲ್ಲ

ಮಂಡ್ಯ, ಮೈಸೂರು ಕಡೆಯಿಂದ ಹೊಸದಾಗಿ ಬಂದವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು: "ಅಕ್ಕಾ, ಊರಲ್ಲಿ ಏನೂ ಆಗ್ತಿರಲಿಲ್ಲ. ಇಲ್ಲಿ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತೆ, ಭೇದಿ ಆಗುತ್ತೆ. ಇಲ್ಲಿನ ಹಾಲಿಗೆ ಏನಾದರೂ ಬೆರೆಸ್ತಾರಾ?" ಅಂತಹದ್ದೇನೂ ಇಲ್ಲ. ನಾವು ಕುಡಿಯುವ ರೀತಿ ಇಲ್ಲಿ ಬದಲಾಗಿರುತ್ತದೆ.

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ದೊಡ್ಡವರಾಗುತ್ತಾ ಪ್ರಪಂಚದ ಮೂವರಲ್ಲಿ ಸುಮಾರು ಇಬ್ಬರಿಗೆ ಈ ಕಿಣ್ವ ಕಡಿಮೆಯಾಗುತ್ತದೆ. ಉತ್ತರ ಭಾರತಕ್ಕಿಂತ ದಕ್ಷಿಣದಲ್ಲಿ ಇದು ಜಾಸ್ತಿ. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ನಾಚಿಕೊಳ್ಳುವ ವಿಷಯವೇನೂ ಅಲ್ಲ.

ಊರಿನ ದಿನಚರಿ ನೆನಪು ಮಾಡಿಕೊಳ್ಳಿ. ಹಾಲು ಅಂತ ಹೊಟ್ಟೆಗೆ ಹೋಗುತ್ತಿದ್ದದ್ದು ಸಣ್ಣ ಲೋಟದ ಕಾಫಿಯಲ್ಲಿ. ಉಳಿದದ್ದು ಮೊಸರು, ಮಜ್ಜಿಗೆ, ತುಪ್ಪ. ಅದೂ ಊಟದ ಜೊತೆ. ಹೆಪ್ಪು ಹಾಕಿದಾಗ ಲ್ಯಾಕ್ಟೋಸ್ ಒಂದಷ್ಟು ಕಡಿಮೆಯಾಗುತ್ತದೆ, ಮೊಸರಿನ ಬ್ಯಾಕ್ಟೀರಿಯಾ ಹೊಟ್ಟೆಯೊಳಗೂ ಅದನ್ನು ಒಡೆಯಲು ನೆರವಾಗುತ್ತವೆ. ತುಪ್ಪದಲ್ಲಂತೂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇಲ್ಲಿಗೆ ಬಂದ ಮೇಲೆ? ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಟ್ಟಲು ತುಂಬ ಸೀರಿಯಲ್, ಅದರ ಮೇಲೆ ತಣ್ಣನೆ ಹಾಲು. ಆಫೀಸಿನಲ್ಲಿ ದೊಡ್ಡ ಲಾಟೆ, ಅಂದರೆ ಹಾಲೇ ಜಾಸ್ತಿ ಇರುವ ಕಾಫಿ. ರಾತ್ರಿ ಐಸ್‌ಕ್ರೀಂ. 240 ಮಿಲಿಲೀಟರ್ ಹಾಲಿನಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಊಟದ ಜೊತೆಗಾದರೆ ಅಷ್ಟನ್ನು ಬಹಳ ಜನ ತಡೆದುಕೊಳ್ಳುತ್ತಾರೆ. ದೊಡ್ಡ ಲಾಟೆ ಆ ಗೆರೆ ದಾಟಿಬಿಡುತ್ತದೆ.

ಹಾಗಾಗಿ ಮೊದಲು ದೂರ ಇಡಬೇಕಾದವು ಲೋಟಗಟ್ಟಲೆ ಹಾಲು, ಮಿಲ್ಕ್‌ಶೇಕ್, ಐಸ್‌ಕ್ರೀಂ, ಕಂಡೆನ್ಸ್ಡ್ ಮಿಲ್ಕ್, ಖೋವಾ. ಎಲ್ಲಕ್ಕಿಂತ ಮುಖ್ಯವಾಗಿ ಹಾಲಿನ ಪುಡಿ. ಕೆನೆ ತೆಗೆದ ಹಾಲಿನ ಪುಡಿಯ ತೂಕದಲ್ಲಿ ಅರ್ಧದಷ್ಟು ಲ್ಯಾಕ್ಟೋಸೇ. ಮೇಕೆ ಹಾಲು, ಎಮ್ಮೆ ಹಾಲು, ಎ2 ಹಾಲು ಅಂತ ಬದಲಾಯಿಸಿದರೆ ಪ್ರಯೋಜನವಿಲ್ಲ, ಎಲ್ಲದರಲ್ಲೂ ಅದು ಇದೆ. ಚೀಸ್ ಪೂರ್ತಿ ಬಿಡಬೇಕಿಲ್ಲ. ಚೆಡ್ಡಾರ್, ಪಾರ್ಮೆಸಾನ್‌ನಂತಹ ಚೆನ್ನಾಗಿ ಮಾಗಿಸಿದ ಗಟ್ಟಿ ಚೀಸ್ ಸಾಮಾನ್ಯವಾಗಿ ಒಗ್ಗುತ್ತದೆ. ರಿಕೋಟಾ, ಕಾಟೇಜ್ ಚೀಸ್ ಹುಷಾರು.

ಕಷ್ಟ ಕೊಡುವುದು ಕಾಣದೆ ಸೇರಿಕೊಂಡ ಹಾಲು. ಬ್ರೆಡ್, ಪ್ಯಾನ್‌ಕೇಕ್ ಹಿಟ್ಟು, ಸೂಪ್, ರ‍್ಯಾಂಚ್ ಡ್ರೆಸ್ಸಿಂಗ್, ಚೀಸ್ ಪುಡಿ ಉದುರಿಸಿದ ಚಿಪ್ಸ್, ಕೆಲವು ಸಾಸೇಜ್ ಕೂಡ. ಪ್ಯಾಕೆಟ್ ತಿರುಗಿಸಿ ಓದಿ. ವೇ (ಹಾಲು ಒಡೆದಾಗ ಉಳಿಯುವ ನೀರು), ಮಿಲ್ಕ್ ಸಾಲಿಡ್ಸ್, ಡ್ರೈ ಮಿಲ್ಕ್, ಲ್ಯಾಕ್ಟೋಸ್ ಅಂತ ಪಟ್ಟಿಯ ಮೊದಲ ಸಾಲುಗಳಲ್ಲೇ ಇದ್ದರೆ ವಾಪಸ್ ಇಡಿ. ಲ್ಯಾಕ್ಟಿಕ್ ಆಸಿಡ್, ಕೋಕೋ ಬಟರ್ ಹೆಸರು ನೋಡಿ ಹೆದರಬೇಡಿ, ಅವು ಲ್ಯಾಕ್ಟೋಸ್ ಅಲ್ಲ. 2006ರಿಂದ ಇಲ್ಲಿನ ಕಾನೂನಿನಂತೆ ಪ್ಯಾಕೆಟ್ ಮೇಲೆ ಹಾಲಿನ ಅಂಶವನ್ನು ಎದ್ದು ಕಾಣುವಂತೆ ಹೇಳಬೇಕು. ಆದರೆ ಅದು ಅಲರ್ಜಿ ಇರುವವರಿಗಾಗಿ ಮಾಡಿದ್ದು. ಲ್ಯಾಕ್ಟೋಸ್ ಎಷ್ಟಿದೆ ಅಂತ ಅದು ಹೇಳುವುದಿಲ್ಲ. ಹಾಲಿನ ಅಲರ್ಜಿ ಬೇರೆಯೇ ವಿಷಯ. ಅದು ಇದ್ದವರು ತುಪ್ಪ, ಲ್ಯಾಕ್ಟೋಸ್ ತೆಗೆದ ಹಾಲನ್ನೂ ಮುಟ್ಟಬಾರದು.

ಅಂಗಡಿಯಲ್ಲಿ ನಿಂತು ಓದಲು ಬೇಜಾರಾದಾಗ ನಾನು ನೋಡುವುದು ಕೋಷರ್ ಗುರುತು, ಅಂದರೆ ಯಹೂದಿಗಳ ಆಹಾರ ನಿಯಮಕ್ಕೆ ಒಪ್ಪುತ್ತದೆ ಅನ್ನುವ ಮುದ್ರೆ. ವೃತ್ತದೊಳಗಿನ ಯು ಅಕ್ಷರದ ಪಕ್ಕ ಡಿ ಇದ್ದರೆ ಹಾಲಿನ ಲೆಕ್ಕಕ್ಕೆ ಸೇರಿದ್ದು. ಪಾರೆವ್ ಎಂದಿದ್ದರೆ ಹಾಲೂ ಇಲ್ಲ, ಮಾಂಸವೂ ಇಲ್ಲ. ಮೊಟ್ಟೆ, ಮೀನು ಇರಬಹುದು, ಸಸ್ಯಾಹಾರಿಗಳು ಅಷ್ಟು ನೋಡಿಕೊಳ್ಳಿ. ಜಿಮ್‌ಗೆ ಹೋಗುವವರು ಪ್ರೋಟೀನ್ ಪುಡಿಯಲ್ಲಿ ವೇ ಕಾನ್ಸಂಟ್ರೇಟ್ ಬಿಟ್ಟು ವೇ ಐಸೊಲೇಟ್ ತೆಗೆದುಕೊಳ್ಳಿ, ಅದರಲ್ಲಿ ಲ್ಯಾಕ್ಟೋಸ್ ತುಂಬಾ ಕಡಿಮೆ.

ಕನ್ನಡ ಕೂಟದ ಹಬ್ಬದೂಟಕ್ಕೆ ಹೆದರಿ ಮನೆಯಲ್ಲೇ ಉಳಿಯಬೇಡಿ. ಪೇಡ, ಬರ್ಫಿ, ರಸಮಲಾಯಿ, ಹಾಲಿನ ಪಾಯಸ ಬಿಡಿ. ಕಡಲೆಹಿಟ್ಟು, ಸಕ್ಕರೆ, ತುಪ್ಪದಲ್ಲಿ ಹಳೇ ಕ್ರಮದಂತೆ ಮಾಡಿದ ಮೈಸೂರು ಪಾಕ್ ತಿನ್ನಬಹುದು. ಹಾಲಿನ ಪುಡಿ ಹಾಕಿದ್ದೀರಾ ಅಂತ ಮಾಡಿದವರನ್ನೇ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಬೆಲ್ಲ, ಕಾಯಿಹಾಲು ಹಾಕಿದ ಹೆಸರುಬೇಳೆ ಪಾಯಸ, ಕೋಸಂಬರಿ, ಪುಳಿಯೋಗರೆ, ಹುಳಿ ಎಲ್ಲಾ ನಿಮ್ಮವೇ. ಉತ್ತರ ಭಾರತದ ಹೋಟೆಲಿನಲ್ಲಿ ಮಾತ್ರ ಗ್ರೇವಿಯಲ್ಲಿ ಕ್ರೀಂ, ನಾನ್ ಹಿಟ್ಟಿನಲ್ಲಿ ಹಾಲು ಅಥವಾ ಮೊಸರು ಇರುತ್ತದೆ ಅಂತ ತಿಳಿದಿರಿ.

ನನಗೆ ತುಂಬಾ ಹೇಳಬೇಕು ಅನ್ನಿಸುವುದು ಇದು. ನಮ್ಮ ಸೀಮೆಯ ನಿತ್ಯದ ಊಟದಲ್ಲಿ ಹಾಲಿಗೆ ಜಾಗವೇ ಕಡಿಮೆ. ಮುದ್ದೆ, ಬಸ್ಸಾರು, ಉಪ್ಪುಸಾರು, ಹುರುಳಿಕಾಳಿನ ಸಾರು, ಅವರೆಕಾಳು, ಮೇಲೊಂದು ಚಮಚ ತುಪ್ಪ. ಯಾವುದರಲ್ಲೂ ತೊಂದರೆಯಿಲ್ಲ, ಅಲ್ವಾ? ರಾಗಿ ಹಿಟ್ಟು ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಹಾಲಿನಲ್ಲಿ ಇರುವುದು ಸುಮಾರು 120. ರಾಗಿಯದು ಮೈಗೆ ಹತ್ತುವುದು ಸ್ವಲ್ಪ ಕಡಿಮೆ. ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಇನ್ನೂ ಒಳ್ಳೆಯದು. ವಿಟಮಿನ್ ಡಿ ಮರೆಯಬೇಡಿ. ಇಲ್ಲಿನ ಹಾಲಿಗೆ ಸಾಮಾನ್ಯವಾಗಿ ಅದನ್ನು ಸೇರಿಸಿರುತ್ತಾರೆ. ಹಾಲು ಬಿಟ್ಟವರಿಗೆ, ಅದರಲ್ಲೂ ಚಳಿಗಾಲದಲ್ಲಿ, ಕೊರತೆ ಆಗಬಹುದು.

ಕಾಫಿ ಬಿಡಬೇಕಿಲ್ಲ. ಲ್ಯಾಕ್ಟೋಸ್ ತೆಗೆದ ಹಾಲು ಎಲ್ಲಾ ದೊಡ್ಡ ಅಂಗಡಿಗಳಲ್ಲೂ ಇದೆ. ಸ್ವಲ್ಪ ಸಿಹಿ ಜಾಸ್ತಿ, ಸಕ್ಕರೆ ಕಡಿಮೆ ಹಾಕಿ. ಅದರಲ್ಲಿ ಮೊಸರೂ ಆಗುತ್ತದೆ. ಲ್ಯಾಕ್ಟೇಸ್ ಮಾತ್ರೆ ಡಾಕ್ಟರ್ ಚೀಟಿಯಿಲ್ಲದೆ ಸಿಗುತ್ತದೆ, ಮೊದಲ ತುತ್ತಿನ ಜೊತೆಗೇ ನುಂಗಬೇಕು.

ಆದರೆ ಎಲ್ಲಾ ಹೊಟ್ಟೆನೋವನ್ನೂ ಹಾಲಿನ ಮೇಲೆ ಹಾಕಬೇಡಿ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಂತಿದ್ದರೆ ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ. ಲ್ಯಾಕ್ಟೋಸ್ ತೊಂದರೆ ಹೌದೋ ಅಲ್ಲವೋ ಅಂತ ತಿಳಿಯಲು ಉಸಿರಿನ ಪರೀಕ್ಷೆ ಇದೆ.

ರಜೆಗೆ ಊರಿಗೆ ಹೋಗುವಾಗ ಆ ಮಾತ್ರೆ ಕೈಚೀಲದಲ್ಲಿರಲಿ. ಮದ್ದೂರು ಕಡೆಯ ನೆಂಟರ ಮನೆಯಲ್ಲಿ ಕೊಟ್ಟಿಗೆಯ ಹಸುವಿನ ಹಾಲನ್ನೇ ಕಾಯಿಸಿ ಲೋಟ ತುಂಬ ಕೊಡುತ್ತಾರೆ. ಬೇಡ ಅಂದರೆ ಅವರ ಮನಸ್ಸಿಗೆ ನೋವಾಗುತ್ತದೆ. "ಅತ್ತೆ, ಹಾಲು ಹೊಟ್ಟೆಗೆ ಆಗಲ್ಲ, ಒಂದು ಲೋಟ ನೀರುಮಜ್ಜಿಗೆ ಕೊಡಿ" ಅನ್ನಿ. ಖುಷಿಯಿಂದ ಕೊಡುತ್ತಾರೆ.