ಅಸ್ತಾಫ್ಯೇವ್ ಬದುಕು ಕನ್ನಡದಲ್ಲಿ: ಎರಡನೇ ಸಲಕ್ಕೆ ಕೈಹತ್ತಿತು

"ಟಾಲ್‌ಸ್ಟಾಯ್ ಆದ್ರೆ ಹೋಗುತ್ತೆ, ಇದ್ಯಾರು ಸ್ವಾಮಿ ಅಸ್ತಾಫ್ಯೇವ್?" ಅಂತ ಕೇಳಿದವರಿಗೆಲ್ಲ ಈಗ ಲೆಕ್ಕ ಒಪ್ಪಿಸಬಹುದು. ರಷ್ಯದ ಲೇಖಕ ವಿಕ್ಟರ್ ಅಸ್ತಾಫ್ಯೇವ್ ಬದುಕಿನ ಕಥೆಯನ್ನು ಕನ್ನಡದಲ್ಲಿ ಬರೆದು 300 ಪ್ರತಿ ಹಾಕಿಸಿದ್ದೆ. ಮಂಚದ ಕೆಳಗೆ ಉಳಿದಿರೋದು ಇಪ್ಪತ್ತೋ ಇಪ್ಪತ್ತೈದೋ.

ಮೊದಲ ಸಲ ಮಾಡಿದ್ದು ಪೂರ್ತಿ ಮುಳುಗಿತ್ತು. ಎರಡನೇ ಮಹಾಯುದ್ಧದಿಂದ ಬಂದ ಲೇಖಕ ಅಲ್ವಾ, ಯುದ್ಧವೇ ಜಾಸ್ತಿ ಇರಲಿ ಅಂತ 180 ಪುಟದಲ್ಲಿ ನೂರು ಪುಟ ಬರೀ ಸೇನೆ, ಟ್ಯಾಂಕು, ಫಿರಂಗಿ ತುಂಬಿಸಿದ್ದೆ. 500 ಪ್ರತಿ ಹಾಕಿಸಿ ಅರವತ್ತು ಮಾರಿದೆ. ಐವತ್ತು ಸಾವಿರದ ಹತ್ತಿರ ಹೋಯಿತು. ಉಳಿದದ್ದನ್ನು ರದ್ದಿಯವನು ತೂಕಕ್ಕೆ ಹಾಕಿಕೊಂಡ, ಸಾವಿರ ಚಿಲ್ಲರೆ ಬಂತು. ಅದರ ಮೇಲೆ ಮುದ್ರಣದವರು ರಕ್ಷಾಪುಟದಲ್ಲಿ ಹೆಸರಿನ ಒತ್ತಕ್ಷರ ತಪ್ಪಿಸಿದ್ದರು. ಅದನ್ನು ನಾನು ನೋಡಿದ್ದು ಕಟ್ಟು ಮನೆಗೆ ಬಂದ ಮೇಲೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ವಿಕ್ಟರ್ ಅಸ್ತಾಫ್ಯೇವ್ ಬದುಕಿದ್ದು 77 ವರ್ಷ, 1924ರಿಂದ 2001. ಮುಂಚೂಣಿಯಲ್ಲಿ ಇದ್ದದ್ದು 1943ರ ವಸಂತದಿಂದ 1944ರ ಸೆಪ್ಟೆಂಬರಿನಲ್ಲಿ ಪೋಲೆಂಡ್‌ನಲ್ಲಿ ಗಾಯಗೊಂಡು ಬೀಳುವ ತನಕ, ಒಂದೂವರೆ ವರ್ಷವೂ ಇಲ್ಲ. ನಾನು ಅದಕ್ಕೆ ಅರ್ಧಕ್ಕಿಂತ ಜಾಸ್ತಿ ಪುಸ್ತಕ ಕೊಟ್ಟಿದ್ದೆ. ಆ ಮನುಷ್ಯನೇ ತನ್ನ ದೊಡ್ಡ ಯುದ್ಧ ಕಾದಂಬರಿ ಹೊರತಂದದ್ದು 1990ರ ದಶಕದಲ್ಲಿ. ಐವತ್ತು ವರ್ಷ ಅವನು ಕಾದಿದ್ದಾನೆ, ನನಗೆ ಮಾತ್ರ ಮೂರನೇ ಪುಟದಲ್ಲೇ ಗುಂಡು ಹಾರಿಸೋ ಆತುರ.

ಎರಡನೇ ಸಲ ಒಂದೇ ನಿಯಮ ಇಟ್ಟುಕೊಂಡೆ. ಒಂದು ಅಧ್ಯಾಯಕ್ಕೆ ಕೈಯಲ್ಲಿ ಹಿಡಿಯುವಂಥ ಒಂದು ವಸ್ತು. ವಸ್ತು ಸಿಗದಿದ್ದರೆ ಆ ಅಧ್ಯಾಯವೇ ಬೇಡ.

ಮೊದಲನೆಯದು ಜಡೆ. 1931ರಲ್ಲಿ ಅವನ ತಾಯಿ, ಜೈಲಿನಲ್ಲಿದ್ದ ಗಂಡನನ್ನು ನೋಡಲು ಹೊರಟಾಗ ಸೈಬೀರಿಯಾದ ಯೆನಿಸೇಯ್ ನದಿಯಲ್ಲಿ ದೋಣಿ ಮಗುಚಿತು. ನೀರಲ್ಲಿ ಮರ ತಡೆಯೋಕೆ ಕಟ್ಟಿದ್ದ ದಿಮ್ಮಿಗಳ ಸಾಲಿಗೆ ಆಕೆಯ ಜಡೆ ಸಿಕ್ಕಿಕೊಂಡಿತ್ತು, ಹೆಣ ಸಿಕ್ಕಲು ದಿನಗಳೇ ಹಿಡಿದವು. ಹುಡುಗನಿಗೆ ಏಳು ವರ್ಷ. ಇದನ್ನು ಒಂದೂವರೆ ಪುಟದಲ್ಲಿ ಮುಗಿಸಿದೆ. ಮೊದಲ ಪುಸ್ತಕದಲ್ಲಿ ಇದು ಅಡಿಟಿಪ್ಪಣಿ ಆಗಿತ್ತು, ನೆನೆಸಿಕೊಂಡರೆ ನಾಚಿಕೆ.

ಯುದ್ಧಕ್ಕೆ ಸಿಕ್ಕಿದ್ದು ವೈರು. ಅವನು ಹೊವಿಟ್ಜರ್ ಫಿರಂಗಿ ದಳದಲ್ಲಿ ಟೆಲಿಫೋನ್ ನೋಡಿಕೊಳ್ಳುತ್ತಿದ್ದ. 'ಧೈರ್ಯಕ್ಕಾಗಿ' ಪದಕ ಕೊಟ್ಟ ಕಾಗದದಲ್ಲಿ ಬರೆದಿರೋದು ಇಷ್ಟು: 1943ರ ಅಕ್ಟೋಬರ್ 20ರಂದು ಮುಂದಿನ ವೀಕ್ಷಣಾ ಠಾಣೆಯ ಲೈನ್ ನಾಲ್ಕು ಸಲ ಸರಿಮಾಡಿದ. ಹತ್ತಿರ ಬಾಂಬ್ ಬಿದ್ದು ಮಣ್ಣಲ್ಲಿ ಹೂತುಹೋದ. ಎದ್ದು ತುಂಡು ತುಂಡು ಕೇಬಲ್ ಹೆಕ್ಕಿ ಮತ್ತೆ ಜೋಡಿಸಿದ. ನಾಲ್ಕೇ ಸಾಲು. ನನ್ನ ಹಳೇ ನೂರು ಪುಟದ ಜಾಗದಲ್ಲಿ ಈ ಕಾಗದ ಇಟ್ಟು ಹದಿನೈದು ಪುಟ ಬರೆದೆ. ಫೋನ್ ಮಾಡಿದ ಓದುಗರಲ್ಲಿ ಅರ್ಧ ಜನ ಆ ವೈರಿನ ಬಗ್ಗೆಯೇ ಕೇಳಿದರು. ಒಬ್ಬರಂತೂ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು, ಹೇಗೆ ಜೋಡಿಸಿದ, ಇಕ್ಕಳ ಇತ್ತಾ ಅಂತ ಅರ್ಧ ಗಂಟೆ ಬಿಡಲಿಲ್ಲ.

ಮೂರನೆಯದು ಕಾವಲುಗಾರನ ದಿನಚರಿ ಪುಸ್ತಕ. ಯುದ್ಧ ಮುಗಿದ ಮೇಲೆ ಹೆಂಡತಿ ಮರಿಯಾ ಕೊರ್ಯಾಕಿನಾಳ ಊರು ಚುಸವೋಯ್‌ಗೆ ಬಂದ. ರೈಲು ಸ್ಟೇಷನ್ನು, ಎರಕದ ಕೆಲಸ, ಬಡಗಿ ಕೆಲಸ, ಏನೂ ಬಿಟ್ಟಿಲ್ಲ. ಮೊದಲ ಮಗು ಲೀದಿಯಾ 1947ರಲ್ಲಿ ಕೂಸಿರುವಾಗಲೇ ತೀರಿಹೋಯಿತು. 1951ರಲ್ಲಿ ಊರಿನ ಸಾಹಿತ್ಯ ಕೂಟದಲ್ಲಿ ಯಾರೋ ಯುದ್ಧದ ಬಗ್ಗೆ ಬಣ್ಣ ಹಚ್ಚಿದ ಕಥೆ ಓದಿದರಂತೆ. ಇವನಿಗೆ ಮೈಯೆಲ್ಲ ಉರಿದು, ಆ ರಾತ್ರಿ ಸಾಸೇಜ್ ಕಾರ್ಖಾನೆಯ ಕಾವಲು ಪಾಳಿಯಲ್ಲಿ ಕೂತು ಆ ದಿನಚರಿ ಪುಸ್ತಕದಲ್ಲೇ ತನ್ನ ಮೊದಲ ಕಥೆ ಗೀಚಿದ. ಸಿಟ್ಟಿಗೆ ಹುಟ್ಟಿದ ಲೇಖಕ.

ನಾನೂ ಒಂದು ರಾತ್ರಿ ಹಾಗೇ ಪ್ರಯೋಗ ಮಾಡಿದೆ. ಹತ್ತರಿಂದ ಐದರವರೆಗೆ, ಅಂಗಡಿಯ ಹಳೇ ಲೆಕ್ಕದ ಪುಸ್ತಕದಲ್ಲಿ. ನಾಲ್ಕು ಪುಟ ಬಂತು, ಮೂರು ಹರಿದೆ, ಕುತ್ತಿಗೆ ವಾರ ಹಿಡಿದುಕೊಂಡಿತ್ತು. ಇನ್ನೊಂದು ಪ್ರಯೋಗ: ಮೊದಲ ಕಥೆ ಅಚ್ಚಾಗುವ ತನಕ 'ಅವನು', ಆಮೇಲೆ 'ಅವರು' ಅಂತ ಬರೆದು ನೋಡಿದೆ. ಗಾಡಿ ಹಳ್ಳಕ್ಕೆ ಇಳಿದ ಹಾಗೆ ಕುಲುಕಿತು. ಕೊನೆತನಕ 'ಅವನು' ಅಂತಲೇ ಬಿಟ್ಟೆ. ಹಿರಿಯರೊಬ್ಬರು ಬೈದು ಕಾಗದ ಬರೆದರು, ಜೊತೆಗೆ ಎರಡು ಪ್ರತಿಗೆ ದುಡ್ಡೂ ಕಳಿಸಿದರು.

ಕೈಸುಟ್ಟುಕೊಂಡ ಜಾಗ ಇನ್ನೊಂದಿದೆ. ಕಾಡಲ್ಲಿ ದಾರಿತಪ್ಪಿ ಸರೋವರ ಕಂಡುಕೊಳ್ಳೋ ವಾಸ್ಯುತ್ಕಾ ಅನ್ನೋ ಹುಡುಗನ ಕಥೆ ಅಸ್ತಾಫ್ಯೇವ್ ಬರೆದದ್ದಿದೆ, ಆ ಹುಡುಗನಿಗೆ ಆದದ್ದನ್ನೆಲ್ಲ ಮೊದಲ ಪುಸ್ತಕದಲ್ಲಿ ಲೇಖಕನ ತಲೆಗೇ ಕಟ್ಟಿದ್ದೆ. ಲೇಖಕನೂ ಟೈಗಾದಲ್ಲಿ, ಅಂದ್ರೆ ಸೈಬೀರಿಯಾದ ಕಾಡಲ್ಲಿ, ದಾರಿತಪ್ಪಿದ್ದು ನಿಜ. ಅದನ್ನು ಇಗಾರ್ಕಾ ಅನ್ನೋ ಊರಿನ ಶಾಲೆಯಲ್ಲಿ ಪ್ರಬಂಧ ಮಾಡಿದ, ಮೇಷ್ಟ್ರು ಇಗ್ನಾತಿ ರೊಜ್‌ದೆಸ್ತ್‌ವೆನ್‌ಸ್ಕಿ ಮೆಚ್ಚಿದರು, ಕಥೆಯಾದದ್ದು ಎಷ್ಟೋ ವರ್ಷದ ನಂತರ. ಈ ಸಲ ಅವನು ಹೇಳಿದ್ದನ್ನು ಮರಿಯಾ ಬರೆದ ನೆನಪುಗಳ ಪಕ್ಕದಲ್ಲಿಟ್ಟು ನೋಡಿದೆ. ಅವನ ಹಸ್ತಪ್ರತಿಗಳನ್ನು ಟೈಪ್ ಮಾಡಿದವಳು ಆಕೆ, ಸುಳ್ಳು ಎಲ್ಲಿ ಅಂತ ಗೊತ್ತಿರುತ್ತೆ. ಎರಡೂ ಕೂಡದ ಕಡೆ ಏನು ಮಾಡಿದೆ ಅನ್ನೋದನ್ನು ಮಾತ್ರ ಹೇಳಲ್ಲ, ಅದು ನನ್ನ ಹೊಟ್ಟೆಪಾಡು.

ದುಡ್ಡಿನ ಲೆಕ್ಕ ನೆನಪಿದ್ದಷ್ಟು. 112 ಪುಟ, ಡೆಮಿ 1/8. ಮುದ್ರಣಕ್ಕೆ 24 ಸಾವಿರ, ಡಿಟಿಪಿ, ಮುಖಪುಟ ಸೇರಿ ಐದಾರು ಸಾವಿರ. ಬೆಲೆ 150. ಅಂಗಡಿಗೆ ಐವತ್ತೇ ಪ್ರತಿ ಕೊಟ್ಟೆ, ಅವರ ಕಮಿಷನ್ ನಿಮಗೆ ಗೊತ್ತೇ ಇದೆ. ಉಳಿದದ್ದೆಲ್ಲ ನೇರ ಅಂಚೆಯಲ್ಲಿ. ಹಾಕಿದ್ದು ವಾಪಸ್ ಬಂದು ಕೈಗೆ ಮೂರು ಸಾವಿರ ಉಳಿಯಿತು. ರಷ್ಯನ್ ಪಾಠದ ಫೀಸು 12 ಸಾವಿರ ಇದರಲ್ಲಿ ಸೇರಿಲ್ಲ, ಸೇರಿಸಿದರೆ ಮನೆಯಲ್ಲಿ ಜಗಳ.

ಕೊನೆಯ ಅಧ್ಯಾಯಕ್ಕೆ ವಸ್ತು ಸಿಗದೆ ತಿಂಗಳು ಒದ್ದಾಡಿದೆ. 'ತ್ಸಾರ್-ಮೀನು' ಅನ್ನೋ ಅವನ ಪುಸ್ತಕಕ್ಕೆ 1978ರಲ್ಲಿ ಬಂದ ಸರ್ಕಾರಿ ಪ್ರಶಸ್ತಿಯನ್ನು ಇಡೋಣ ಅಂದುಕೊಂಡಿದ್ದೆ, ಸಪ್ಪೆ ಅನ್ನಿಸಿತು. 1980ರಲ್ಲಿ ಅವನು ಸೈಬೀರಿಯಾಕ್ಕೆ ವಾಪಸ್ ಬಂದು, ಹುಟ್ಟೂರು ಅವ್ಸ್ಯಾಂಕಾದಲ್ಲಿ ಅಜ್ಜಿಯ ಮನೆ ಇದ್ದ ಬೀದಿಯಲ್ಲೇ ಒಂದು ಮರದ ಮನೆ ಕೊಂಡ. ಆ ಮನೆಯ ಬಾಗಿಲು ಇಟ್ಟೆ. ಈಗ ಮುಂದಿನ ಪುಸ್ತಕಕ್ಕೆ ಅಂತ ಸಾಲುಗೆರೆ ನೋಟ್‌ಬುಕ್ ಇನ್ನೊಂದು ತಂದಿದ್ದೇನೆ. ಈ ಸಲ ಸ್ಟಾಲಿನ್‌ಗ್ರಾಡ್‌ನಲ್ಲಿ ಹೋರಾಡಿದ ಇನ್ನೊಬ್ಬ ಲೇಖಕ ವಿಕ್ಟರ್ ನೆಕ್ರಾಸೊವ್. ವಸ್ತು ಸಿಕ್ಕಿದೆ, ಪೆನ್ಸಿಲ್ಲು.